ನಂಬಿಕೆ ಖಾತೆ

ನಮ್ಮ ಅಪಾರ್ಟ್‌ಮೆಂಟಿಗೆ ಸಾಂಟಾ ಕ್ಲಾಸ್ ಬರುವುದು ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ, ಸಂಜೆ ಐದೂವರೆಗೆ. ನಡುರಾತ್ರಿ ಬರುವುದು ಅವನ ರೂಢಿಯಂತೆ. ಆದರೆ ಜಯನಗರ ಏಳನೇ ಬ್ಲಾಕಿನ ನಮ್ಮ ಕಟ್ಟಡದಲ್ಲಿ ರಾತ್ರಿ ಹತ್ತಾದರೆ ಗೇಟಿಗೆ ಬೀಗ. ಹಗಲು ಹೊತ್ತಿನಲ್ಲೂ ಹೆಸರು, ಮೊಬೈಲ್ ನಂಬರು, ಯಾರ ಮನೆಗೆ, ಯಾಕೆ ಎಂದೆಲ್ಲ ಬರೆಯದೆ ಒಳಗೆ ಬಿಡುವುದಿಲ್ಲ. ಹಿಮಸಾರಂಗ ಕಟ್ಟಿಕೊಂಡು ಬಂದವನನ್ನಂತೂ ‘ಪಾರ್ಕಿಂಗ್ ಹೊರಗಡೆ ಸಾರ್’ ಎಂದು ಅಲ್ಲೇ ತಡೆಯುತ್ತಾರೆ. ಇನ್ನು ಚಿಮಣಿಯ ವಿಷಯ. ನಮ್ಮ ಅಡುಗೆಮನೆಯ ಚಿಮಣಿಯಿಂದ ಒಗ್ಗರಣೆಯ ಹೊಗೆಯೇ ಸಲೀಸಾಗಿ ಹೊರಗೆ ಹೋಗುವುದಿಲ್ಲ. ಆ ಗಾತ್ರದ ಮನುಷ್ಯ ಒಳಗೆ ಬರುವ ಮಾತೆಲ್ಲಿ! ಹಾಗಾಗಿ ಅವನು ಲಿಫ್ಟಿನಲ್ಲಿ ಇಳಿದು ಬೇಸ್‌ಮೆಂಟಿನ ಶಾಮಿಯಾನದಡಿ ಕೂರುತ್ತಾನೆ.

ನನ್ನ ಮೊಮ್ಮಗಳು ಪುಟ್ಟಿ ಆಗ ಮೂರನೇ ಕ್ಲಾಸು. ಸಾಲಿನಲ್ಲಿ ನಿಂತು ಅವಳ ಸರದಿ ಬಂದಾಗ ಸಾಂಟಾ ಹತ್ತಿಯ ಗಡ್ಡದೊಳಗಿಂದ ‘ಹೋ ಹೋ ಹೋ’ ಎಂದ. ಆಮೇಲೆ ಮಡಿಲಲ್ಲಿದ್ದ ಪಟ್ಟಿ ನೋಡಿ, ‘ಯಾವ ಫ್ಲ್ಯಾಟು?’ ಅಂದ. ‘ಮುನ್ನೂರ ಎರಡು.’ ‘ಓಹೋ, ಮುನ್ನೂರ ಎರಡಾ? ಅಪ್ಪನಿಗೆ ಹೇಳಮ್ಮ, ರಾತ್ರಿ ಹೊತ್ತು ಪಂಪಿನ ಮುಂದೆ ಗಾಡಿ ನಿಲ್ಲಿಸಬೇಡಿ ಅಂತ.’ ಹಾಗೆಂದು ಒಂದು ಜಾಮೆಟ್ರಿ ಬಾಕ್ಸ್ ಕೈಗಿಟ್ಟ. ಅಂಥದೇ ಬಾಕ್ಸು ಅರವತ್ತು ಮಕ್ಕಳ ಕೈಯಲ್ಲೂ ಇತ್ತು. ನಾಲ್ಕನೇ ಬ್ಲಾಕಿನಲ್ಲಿ ಸಗಟಾಗಿ ಕೊಂಡದ್ದು.

ಮನೆಗೆ ಬಂದವಳು ಹಾಲಿಗೆ ಬಿಸ್ಕತ್ತು ಅದ್ದುತ್ತ, ಕರೆಂಟು ಹೋಯಿತು ಎನ್ನುವ ಧ್ವನಿಯಲ್ಲಿ, ‘ಅಜ್ಜಿ, ಸಾಂಟಾ ಇಲ್ಲ. ಅದು ಅಸೋಸಿಯೇಷನ್ ಸೆಕ್ರೆಟರಿ ಅಂಕಲ್ಲು’ ಎಂದಳು. ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಅದಕ್ಕೆ ಮಾತ್ರ ‘ಅಯ್ಯೋ’ ಅಂದಳು.

ಅತ್ತದ್ದು ನನ್ನ ಮಗಳು. ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ನಲವತ್ತು ಜನರನ್ನು ಹೆದರಿಸುವ ಹೆಂಗಸು, ಸೋಫಾದ ಮೇಲೆ ಕುಸಿದು ‘ಇಷ್ಟು ಬೇಗ ಅವಳ ಬಾಲ್ಯ ಮುಗಿದುಹೋಯಿತಲ್ಲಮ್ಮಾ’ ಎಂದು ಮೂಗು ಸೊರಗುಟ್ಟಿಸಿದಳು. ರಾತ್ರಿಯೆಲ್ಲ ಫೋನಿನಲ್ಲಿ ಓದಿದಳು. ಓದಿದ್ದನ್ನೆಲ್ಲ ನನಗೂ ಕಳಿಸಿದಳು. ಹೀಗಾಗಿ ಮಂಡಿನೋವಿನಿಂದ ನಿದ್ದೆ ಬಾರದ ನನಗೂ ಒಂದಿಷ್ಟು ಲೋಕಜ್ಞಾನ ಬಂತು. 1897ರಲ್ಲಿ ನ್ಯೂಯಾರ್ಕಿನ ವರ್ಜೀನಿಯಾ ಒ’ಹ್ಯಾನ್ಲನ್ ಎಂಬ ಎಂಟು ವರ್ಷದ ಹುಡುಗಿ, ಸಾಂಟಾ ಇದ್ದಾನೋ ಇಲ್ಲವೋ ಹೇಳಿ ಎಂದು ‘ದ ಸನ್’ ಪತ್ರಿಕೆಗೆ ಕಾಗದ ಬರೆದಳಂತೆ. ಇದ್ದಾನಮ್ಮಾ ಎಂದು ಪತ್ರಿಕೆ ಸಂಪಾದಕೀಯವನ್ನೇ ಬರೆಯಿತು. ಬರೆದಾತ ಫ್ರಾನ್ಸಿಸ್ ಚರ್ಚ್, ಅಮೆರಿಕದ ಅಂತರ್ಯುದ್ಧವನ್ನು ವರದಿ ಮಾಡಿ ಬಂದಿದ್ದ ಮನುಷ್ಯ. ಇನ್ನೊಂದು ಕಥೆ 1955ರದು. ಸಾಂಟಾನನ್ನು ಕೇಳಿಕೊಂಡು ಮಗುವೊಂದರ ಫೋನು ಕೊಲರಾಡೊದ ವಾಯುರಕ್ಷಣಾ ಕೇಂದ್ರಕ್ಕೆ ಹೋಯಿತಂತೆ. ಅಂದಿನಿಂದ ಆ ದೇಶದ ಸೇನೆಯವರು ವರ್ಷವರ್ಷವೂ ಅವನ ಗಾಡಿ ಈಗ ಎಲ್ಲಿ ಹಾರುತ್ತಿದೆ ಎಂದು ಮಕ್ಕಳಿಗೆ ವರದಿ ಒಪ್ಪಿಸುತ್ತಿದ್ದಾರೆ. ಒಬ್ಬ ಮುದುಕನನ್ನು ನಂಬಿಸಲು ಪತ್ರಿಕೆ, ಸೇನೆ, ರೇಡಾರು! ಇಷ್ಟೆಲ್ಲ ಕಟ್ಟಿ ನಿಲ್ಲಿಸಿದ್ದು ಒಂದು ದಿನ ಬಿದ್ದರೆ ಸದ್ದಾಗುವುದು ಸಹಜವೇ.

ನಮ್ಮ ಮನೆಯಲ್ಲಿ ಈ ನಂಬಿಕೆ ಖಾತೆಯ ಸಚಿವೆ ನಾನು. ಮದುವೆಯಾಗಿ ಬಂದಾಗಿನಿಂದ ನನ್ನ ಬಳಿಯೇ ಇದೆ; ಯಾವ ಪುನಾರಚನೆಯಲ್ಲೂ ಕೈಬಿಟ್ಟಿಲ್ಲ, ಯಾಕೆಂದರೆ ಬೇರೆ ಯಾರಿಗೂ ಬೇಡ. ನನ್ನ ಅನುಭವದಲ್ಲಿ ನಮ್ಮ ಕಡೆ ಗುಟ್ಟು ಅಂತ ಇರುವುದೇ ಕಡಿಮೆ, ಒಡೆಯುವುದೇನು ಬಂತು? ಗೌರಿ ಹಬ್ಬಕ್ಕೆ ಅರಿಸಿನದ ಮುದ್ದೆಗೆ ಮೂಗು ತಿದ್ದುವುದು, ಗಣೇಶನನ್ನು ಚೌಕಾಸಿ ಮಾಡಿ ತರುವುದು ಎಲ್ಲವೂ ಮಕ್ಕಳ ಕಣ್ಣೆದುರಿಗೇ. ‘ಆ ಮುನ್ನೂರರ ಗಣೇಶನ ಸೊಂಡಿಲು ಸೊಟ್ಟ ಇದೆ, ಇನ್ನೂರೈವತ್ತಕ್ಕೆ ಕೊಡಿ’ ಎಂದು ನಮ್ಮ ಯಜಮಾನರು ಆರ್.ವಿ. ರಸ್ತೆಯ ಫುಟ್‌ಪಾತಿನಲ್ಲಿ ವಾದ ಮಾಡುವುದನ್ನು ಪುಟ್ಟಿ ಮೂರು ವರ್ಷದವಳಿದ್ದಾಗಿನಿಂದ ನೋಡಿದ್ದಾಳೆ. ಅದೇ ಸೊಟ್ಟ ಸೊಂಡಿಲಿನವನ ಮುಂದೆ ಮರುದಿನ ಬೆಳಗ್ಗೆ ಅವಳೂ ಇವರೂ ಬಸ್ಕಿ ಹೊಡೆಯುತ್ತಾರೆ. ಇದರಲ್ಲಿ ವಿರೋಧ ಇದೆ ಎಂದು ಅವಳಿಗೂ ಅನ್ನಿಸಿಲ್ಲ, ಇವರಿಗೂ ಅನ್ನಿಸಿಲ್ಲ.

ಸಾಂಟಾ ಬಿದ್ದುಹೋದ ಆ ತಿಂಗಳೇ ರಾಗಿಗುಡ್ಡದಲ್ಲಿ ಹನುಮಜ್ಜಯಂತಿ. ಮಾರ್ಗಶಿರದ ಚಳಿ, ಮೆಟ್ಟಿಲ ಮೇಲೆ ಜನ, ಕೆಳಗೆ ಸಂಗೀತ ಕಚೇರಿ. ಹತ್ತುವಾಗ ಉಸಿರು ಕಟ್ಟದಿರಲೆಂದು ನಡುನಡುವೆ ನಿಂತು ನಾನು ಸ್ಥಳಪುರಾಣ ಹೇಳಿದೆ. ಇಲ್ಲೊಬ್ಬ ಪಾಳೇಗಾರನ ಸೊಸೆ ಸುಧರ್ಮ ಅಂತ ಇದ್ದಳು. ಸುಗ್ಗಿಯಲ್ಲಿ ಬೆಟ್ಟದಷ್ಟು ರಾಗಿ ರಾಶಿ ಬಿದ್ದಿತ್ತು. ಮೂವರು ಭಿಕ್ಷುಕರು ಬಂದರು. ಇವಳು ಮೊರ ತುಂಬ ಕೊಡಹೊರಟಳು. ಅತ್ತೆ ಅಡ್ಡ ಬಂದಳು. ಕೊಡಲಾಗದ ರಾಗಿ ಇದ್ದರೇನು, ಕಲ್ಲಾಗಲಿ ಎಂದು ಸೊಸೆ ದೇವರಲ್ಲಿ ಬೇಡಿಕೊಂಡಳು. ರಾಶಿ ಕಲ್ಲಾಯಿತು, ಅದೇ ಈ ಗುಡ್ಡ. ಭಿಕ್ಷುಕರು ತ್ರಿಮೂರ್ತಿಗಳಾಗಿದ್ದರು.

ಸೆಕ್ರೆಟರಿಯನ್ನು ಗಡ್ಡದೊಳಗೂ ಗುರುತು ಹಿಡಿದವಳು ಇದನ್ನು ಸುಮ್ಮನೆ ಬಿಡುತ್ತಾಳೆಯೇ ಎಂದು ಕಾದೆ. ಅವಳು ಬಂಡೆಯನ್ನು ತಟ್ಟಿ ನೋಡಿ, ‘ಇಷ್ಟು ರಾಗಿಗೆ ಎಷ್ಟು ಮುದ್ದೆ ಆಗ್ತಿತ್ತು ತಾತ?’ ಎಂದಳು. ಇವರು ನಿವೃತ್ತ ಇಂಜಿನಿಯರು. ಗುಡ್ಡದ ಎತ್ತರ, ಸುತ್ತಳತೆ, ಶಂಕುವಿನ ಘನಫಲ ಅಂತ ಮೆಟ್ಟಿಲ ಮೇಲೇ ಶುರು ಹಚ್ಚಿಕೊಂಡರು. ನಿಜವಾ ಎಂದು ಅವಳು ಕೇಳಲಿಲ್ಲ. ಈಗಂತೂ ಕೇಳುವ ಹಾಗೂ ಇಲ್ಲ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂದಮೇಲೆ ರೈಲಿನೊಳಗೇ ಮುಂದಿನ ನಿಲ್ದಾಣ ರಾಗಿಗುಡ್ಡ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೂಗುತ್ತಾರೆ. ಸರ್ಕಾರವೇ ಕೂಗಿ ಹೇಳುವಾಗ ಸುಧರ್ಮಳನ್ನು ಅನುಮಾನಿಸುವುದು ಹೇಗೆ?

ಇವರ ಬಗ್ಗೆ ಒಂದು ಮಾತು ಹೇಳಬೇಕು. ಕಾಲೇಜು ದಿನಗಳಲ್ಲಿ ಇವರು ಎಚ್. ನರಸಿಂಹಯ್ಯನವರ ಭಕ್ತರು. ಎಚ್ಚೆನ್ ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲೇ ಒಂದು ಕೋಣೆಯಲ್ಲಿ ಬದುಕಿದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ, ಪರೀಕ್ಷೆಗೆ ಬನ್ನಿ ಎಂದು ಸತ್ಯ ಸಾಯಿಬಾಬಾರಿಗೇ ಪತ್ರ ಬರೆದವರು. ಬಾಬಾ ಬರಲಿಲ್ಲ. ನಮ್ಮ ಯಜಮಾನರು ಫೋರಂನಲ್ಲಿ ಪವಾಡದ ವಿರುದ್ಧ ಭಾಷಣ ಕೇಳಿ, ಚಪ್ಪಾಳೆ ತಟ್ಟಿ, ಗುರುವಾರವಾದರೆ ನೇರ ಐದನೇ ಬ್ಲಾಕಿನ ರಾಯರ ಮಠಕ್ಕೆ ಹೋಗಿ ಪ್ರದಕ್ಷಿಣೆ ಹಾಕಿ ಮನೆಗೆ ಬರುತ್ತಿದ್ದರಂತೆ. ‘ಎರಡೂ ಆಗುತ್ತೇನ್ರೀ?’ ಎಂದರೆ, ‘ಒಂದೇ ದಾರಿಯಲ್ಲಿದೆ’ ಅನ್ನುತ್ತಾರೆ. ದಕ್ಷಿಣ ಬೆಂಗಳೂರನ್ನು ಅರ್ಥ ಮಾಡಿಕೊಳ್ಳಲು ಇಷ್ಟು ಸಾಕು.

ಸಾಂಟಾಗಾಗಿ ಅತ್ತ ನನ್ನ ಮಗಳೇನು ಕಡಿಮೆಯೇ? ತೊಂಬತ್ತರ ದಶಕದಲ್ಲಿ ಊರಿಗೆಲ್ಲ ‘ನಾಳೆ ಬಾ’ ಹರಡಿದಾಗ ಅವಳು ಪುಟ್ಟಿಯ ವಯಸ್ಸಿನವಳು. ರಾತ್ರಿ ಹೊತ್ತು ಒಬ್ಬ ಹೆಂಗಸು ನಮ್ಮವರದೇ ಧ್ವನಿಯಲ್ಲಿ ಬಾಗಿಲು ತಟ್ಟಿ ಕರೆಯುತ್ತಾಳೆ, ತೆಗೆದರೆ ಸಾವು. ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹೋಗುತ್ತಾಳೆ, ಮರುದಿನ ಬಂದು ಮತ್ತೆ ಓದಿಕೊಂಡು ಹೋಗುತ್ತಾಳೆ. ಆ ದೆವ್ವದ ಸಾಕ್ಷರತೆಯನ್ನೂ ತಾಳ್ಮೆಯನ್ನೂ ನಾನು ಇಂದಿಗೂ ಮೆಚ್ಚುತ್ತೇನೆ. ಎಷ್ಟೋ ಕಚೇರಿಗಳಲ್ಲಿ ಕಿಟಕಿಯ ಹಿಂದಿನಿಂದ ಇದೇ ಮಾತು ಕೇಳಿ ನಾವೂ ತೆಪ್ಪಗೆ ತಿರುಗಿ ಬಂದಿಲ್ಲವೇ? ನಮ್ಮ ಬೀದಿಯ ಗೇಟುಗಳ ಮೇಲೆಲ್ಲ ಸೀಮೆಸುಣ್ಣದ ಬರಹ. ಮಗಳು ನಮ್ಮ ಬಾಗಿಲಿಗೆ ‘ನಿನ್ನೆ ಬಾ’ ಎಂದು ಬರೆದಿದ್ದಳು. ಯಾಕೆಂದರೆ ‘ನಾಳೆಯಾದರೆ ಅವಳು ಬರಬಹುದು. ನಿನ್ನೆ ಹೇಗೆ ಬರ್ತಾಳೆ?’ ಎಂದಳು. ಹಾಗೆ ತರ್ಕ ಮಾಡಿದವಳು ರಾತ್ರಿ ಮಾತ್ರ ಬಾತ್‌ರೂಮಿಗೆ ನನ್ನ ಸೆರಗು ಹಿಡಿದೇ ಬರುತ್ತಿದ್ದಳು. ಅದೇ ಕಥೆ 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಆದಾಗ ನಾಲ್ಕು ನೂರು ರೂಪಾಯಿ ಟಿಕೆಟ್ಟು ಕೊಟ್ಟು ನೋಡಿ ಬಂದು, ‘ನಮ್ಮ ದೆವ್ವನಮ್ಮಾ ಅದು, ಹಿಂದಿಯವರು ಹೊಡ್ಕೊಂಡ್ರು’ ಎಂದು ಕನ್ನಡಾಭಿಮಾನ ಮೆರೆದಳು.

ಅವಳ ನಂಬಿಕೆಗೆ ಮೊದಲ ಏಟು ಬಿದ್ದದ್ದು 1995ರ ಸೆಪ್ಟೆಂಬರ್ 21ರಂದು. ಗಣೇಶ ಹಾಲು ಕುಡಿದ ದಿನ. ಬೆಳಗಾಗುವಷ್ಟರಲ್ಲಿ ಯಾರ ಬಾಯಲ್ಲೂ ಬೇರೆ ಮಾತಿಲ್ಲ. ಡೈರಿ ಬೂತಿನಲ್ಲಿ ಹಾಲು ಖಾಲಿ. ಇವರು ಆಫೀಸಿಗೆ ರಜೆ ಹಾಕಿ, ನಾನು ಕಾಫಿಗೆಂದು ಎತ್ತಿಟ್ಟಿದ್ದ ಹಾಲನ್ನೂ ಮಗಳನ್ನೂ ಜೊತೆಗೆ ಕರೆದುಕೊಂಡು ಗುಡಿಯ ಸಾಲಿಗೆ ನಿಂತರು. ಸರದಿ ಬಂದಾಗ ಸೊಂಡಿಲಿಗೆ ಚಮಚ ಹಿಡಿದರು. ಹಾಲು ಇಳಿಯಿತು. ಇವರ ಕಣ್ಣಲ್ಲಿ ನೀರು. ದೊಡ್ಡವರೆಲ್ಲ ಚಮಚ ನೋಡುತ್ತಿದ್ದರು. ಮಗಳ ಎತ್ತರಕ್ಕೆ ಕಾಣುತ್ತಿದ್ದದ್ದು ಗಣೇಶನ ಹೊಟ್ಟೆ, ಪೀಠ, ಮತ್ತು ಅವುಗಳ ಮೇಲಿಂದ ತೆಳ್ಳಗೆ ಹರಿದು ಮೋರಿ ಸೇರುತ್ತಿದ್ದ ಹಾಲು. ‘ಅಪ್ಪಾ, ಎಲ್ಲಾ ಕೆಳಗೆ ಸೋರ್ತಾ ಇದೆ’ ಎಂದಳು. ‘ಶ್!’ ಎಂದರು ಎಚ್ಚೆನ್ ಶಿಷ್ಯರು. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಹಿಡಿದು, ಅದು ವಿಗ್ರಹದ ಮೈಮೇಲೆ ಹರಿಯುವುದನ್ನು ತೋರಿಸಿಕೊಟ್ಟರು. ಮೇಲ್ಮೈ ಎಳೆತ, ಲೋಮನಾಳ ಕ್ರಿಯೆ ಅಂತೆಲ್ಲ ಪತ್ರಿಕೆಯಲ್ಲಿ ಬಂತು. ಇವರು ಅದನ್ನು ಓದಿ, ‘ನಾನು ಆಗಲೇ ಅಂದುಕೊಂಡೆ’ ಎಂದರು. ಆ ದಿನ ಕಾಫಿ ಇಲ್ಲದೆ ತಲೆನೋವು ಬಂದದ್ದು ನನಗೊಬ್ಬಳಿಗೇ.

ಮಗಳು ಕಳಿಸಿದ ಓದಿನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರ ಪ್ರಯೋಗವೊಂದಿತ್ತು. ಅವರು ಮಿಠಾಯಿ ಮಾಟಗಾತಿ ಎಂಬ ಹೊಸ ವ್ಯಕ್ತಿಯನ್ನೇ ಹುಟ್ಟಿಸಿದರು. ಹ್ಯಾಲೊವೀನ್ ಹಬ್ಬದ ರಾತ್ರಿ ಬಂದು ಮಕ್ಕಳ ಮಿಠಾಯಿ ಒಯ್ದು ಬದಲಿಗೆ ಆಟಿಕೆ ಇಟ್ಟು ಹೋಗುವವಳು. ಶಿಶುವಿಹಾರದ ಮಕ್ಕಳಿಗೆ ಕಥೆ ಹೇಳಿದರು. ಬಹಳಷ್ಟು ಮಕ್ಕಳು ನಂಬಿದರು. ಅಪ್ಪ ಅಮ್ಮ ರಾತ್ರಿ ಎದ್ದು ಮಿಠಾಯಿ ಬದಲಾಯಿಸಿದ ಮನೆಗಳಲ್ಲಿ, ಅದರಲ್ಲೂ ಸ್ವಲ್ಪ ದೊಡ್ಡ ಮಕ್ಕಳು ಹೆಚ್ಚು ನಂಬಿದರಂತೆ. ಇದಕ್ಕೆ ವಿಶ್ವವಿದ್ಯಾಲಯ ಬೇಕಿತ್ತೇ! ನಂಬಿಕೆ ಎಂದರೆ ಮನೆಯ ದೊಡ್ಡವರು ನಿದ್ದೆಗೆಟ್ಟು ಮಾಡುವ ಕೆಲಸ ಎಂದು ನನ್ನ ಖಾತೆಯ ಕಡತದಲ್ಲಿ ಯಾವತ್ತಿನಿಂದಲೋ ಇದೆ.

ಹಲ್ಲಿನ ವಿಷಯಕ್ಕೆ ಬಂದರೆ ಖಾತೆಗೆ ಸ್ವಲ್ಪ ಸೋಲೇ. ಬಿದ್ದ ಹಾಲುಹಲ್ಲನ್ನು ಸೆಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆದರೆ ಹೊಸ ಹಲ್ಲು ಬೇಗ ಬರುತ್ತದೆ ಎನ್ನುವುದು ನಮ್ಮ ಕಾಲದ ಕ್ರಮ. ಏಳನೇ ಬ್ಲಾಕಿನಲ್ಲಿ ಸೆಗಣಿ ಎಲ್ಲಿಂದ ತರಲಿ? ಅಳಿಯ ಆನ್‌ಲೈನಿನಲ್ಲಿ ಬೆರಣಿ ತರಿಸಿದ, ಪ್ಲಾಸ್ಟಿಕ್ ಕವರಿನೊಳಗೆ, ಚೌಕಾಕಾರದ್ದು. ಮಾಡಿನ ಮೇಲೆ ಸೋಲಾರ್ ಫಲಕಗಳು. ಕಲ್ಲು ಎಸೆದರೆ ದಂಡ, ಹಲ್ಲಿಗೆ ನಿಯಮ ಇನ್ನೂ ಬಂದಿಲ್ಲ. ಎಸೆದದ್ದು ಗುರಿ ತಪ್ಪಿ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಅಷ್ಟರಲ್ಲಿ ಪುಟ್ಟಿಯ ಗೆಳತಿಯ ಮನೆಗೆ ಟೂತ್ ಫೇರಿ ಬಂದು ದಿಂಬಿನ ಕೆಳಗೆ ನೂರು ರೂಪಾಯಿ ಇಟ್ಟು ಹೋಗಿದ್ದಳು. ಪುಟ್ಟಿ ಬಹಳ ಹೊತ್ತು ಯೋಚಿಸಿ, ‘ಅಜ್ಜಿ, ಮಾಡಿನ ಮೇಲೆ ಎಸೆದರೆ ಬರೀ ಹಲ್ಲು ಕೊಡ್ತಾರೆ. ಫೇರಿಗೆ ಕೊಟ್ಟರೆ ಹಲ್ಲೂ ಬರುತ್ತೆ, ದುಡ್ಡೂ ಬರುತ್ತೆ’ ಎಂದಳು. ಉಳಿದ ಹಲ್ಲುಗಳೆಲ್ಲ ಫೇರಿಗೇ ಹೋದವು. ಫೇರಿ ಯಾರು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿಂಬಿನ ಕೆಳಗೆ ಐವತ್ತು ಮಾತ್ರ ಸಿಕ್ಕ ಬೆಳಗ್ಗೆ ಅವಳು ಬಂದು ನಿಂತದ್ದು ಅಮ್ಮನ ಮುಂದೆ.

ಚೌತಿಯ ಚಂದ್ರನ ವಿಷಯದಲ್ಲಿ ಮಾತ್ರ ಈ ಲೆಕ್ಕಾಚಾರ ಯಾವುದೂ ನಡೆಯುವುದಿಲ್ಲ. ಆ ರಾತ್ರಿ ನಮ್ಮ ಕಟ್ಟಡದಲ್ಲಿ ಪರದೆ ಎಳೆಯದ ಕಿಟಕಿ ಇಲ್ಲ. ಚಂದ್ರ ಗಣೇಶನ ಹೊಟ್ಟೆ ನೋಡಿ ನಕ್ಕ, ಶಾಪ ತಿಂದ; ಆ ದಿನ ಅವನನ್ನು ನೋಡಿದವರಿಗೆ ಸುಳ್ಳು ಅಪವಾದ ಕಾದಿದೆ. ಕೃಷ್ಣನೇ ನೋಡಿ ಸ್ಯಮಂತಕ ಮಣಿ ಕದ್ದವ ಅನ್ನಿಸಿಕೊಂಡ ಮೇಲೆ ಜಯನಗರದವರ ಪಾಡೇನು? 2023ರಲ್ಲಿ ಪುಟ್ಟಿ ಎರಡನೇ ಕ್ಲಾಸು. ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವುದನ್ನು ಟಿವಿಯ ಮುಂದೆ ಉಸಿರು ಬಿಗಿಹಿಡಿದು ನೋಡಿ, ಕುಣಿದು, ಬಾಲ್ಕನಿಗೆ ಓಡಿ ಚಂದ್ರನಿಗೆ ಟಾಟಾ ಮಾಡಿದ್ದಳು. ತಿಂಗಳು ತುಂಬುವುದರೊಳಗೆ ಚೌತಿ. ಪರದೆ ಎಳೆಯುತ್ತಿದ್ದ ನನ್ನನ್ನು ತಡೆದು, ‘ಅಜ್ಜಿ, ನಮ್ಮ ವಿಕ್ರಮ್ ಪ್ರಜ್ಞಾನ್ ಎರಡೂ ಅಲ್ಲೇ ಮಲಗಿವೆ. ನೋಡಿದರೆ ಅವನ್ನ ನಾವೇ ಕದ್ದಿದ್ದು ಅಂತಾರಾ?’ ಎಂದಳು.

ನಾನು ತಾತನ ಕಡೆ ನೋಡಿದೆ. ತಾತ ಅಳಿಯನ ಕಡೆ ನೋಡಿದರು. ಅಳಿಯ ಫೋನು ನೋಡಿದ. ‘ಇಸ್ರೋದವರು ಇವತ್ತು ಏನು ಮಾಡ್ತಾರೆ? ಅವರು ನೋಡಲೇಬೇಕಲ್ವಾ?’ ಎಂದು ಮತ್ತೊಂದು. ಕೊನೆಗೆ ಇವರು ಗಂಟಲು ಸರಿಮಾಡಿಕೊಂಡು, ಅವರು ಪೀಣ್ಯದಲ್ಲಿ ಕೂತು ನೋಡುವುದು ಕಂಪ್ಯೂಟರ್ ಪರದೆಯನ್ನು, ನೇರ ಚಂದ್ರನನ್ನಲ್ಲ, ಹಾಗಾಗಿ ದೋಷ ತಟ್ಟುವುದಿಲ್ಲ ಎಂದು ತೀರ್ಪು ಕೊಟ್ಟರು. ಪುಟ್ಟಿ ಒಪ್ಪಿದಳು. ಒಪ್ಪಿ, ಅಪ್ಪನ ಫೋನು ತೆಗೆದುಕೊಂಡು ಪರದೆಯ ಸಂದಿಯಿಂದ ಕ್ಯಾಮೆರಾ ಮಾತ್ರ ಹೊರಗೆ ಚಾಚಿ ಚಂದ್ರನ ಫೋಟೊ ತೆಗೆದಳು. ಎಲ್ಲರೂ ಫೋನಿನಲ್ಲಿ ನೋಡಿದೆವು. ಅಪವಾದ ಬಂದಿಲ್ಲ. ಆದರೂ ಇರಲಿ ಎಂದು ನಾನು ಸ್ಯಮಂತಕದ ಕಥೆ ಒಮ್ಮೆ ಹೇಳಿ ಮುಗಿಸಿದೆ. ಅದೇ ಅದಕ್ಕೆ ಪರಿಹಾರ.

ವಿಸರ್ಜನೆಯಲ್ಲೂ ಹೀಗೇ. ಐದು ವರ್ಷದವಳಾಗಿದ್ದಾಗ ಯಡಿಯೂರು ಕೆರೆಯ ಕಲ್ಯಾಣಿಯ ಕಟಾಂಜನ ಹಿಡಿದುಕೊಂಡು, ಗಣೇಶ ಉಸಿರಾಡುವುದು ಹೇಗೆ ಎಂದು ಬಿಕ್ಕಿದ್ದಳು. ಕೈಲಾಸಕ್ಕೆ ಅದೇ ದಾರಿ, ಮುಂದಿನ ವರ್ಷ ಬರುತ್ತಾನೆ ಎಂದು ಸಮಾಧಾನ ಮಾಡಿ, ಕಡಲೆಪುರಿ ಕೊಡಿಸಿ ಕರೆತಂದೆವು. ಎಂಟರ ಹೊತ್ತಿಗೆ, ‘ಬಕೆಟ್ಟಲ್ಲೇ ಬಿಡೋಣಪ್ಪ, ಸೌತ್ ಎಂಡ್ ಸರ್ಕಲ್ಲಲ್ಲಿ ಟ್ರಾಫಿಕ್ಕು’ ಎನ್ನುವ ಮಟ್ಟಕ್ಕೆ ಬಂದಿದ್ದಳು. ಮಣ್ಣಿನವನು ಬಾಲ್ಕನಿಯ ಬಕೆಟ್ಟಿನಲ್ಲಿ ಕರಗಿದ; ನೀರನ್ನು ತುಳಸಿಗೂ ಕರಿಬೇವಿಗೂ ಹುಯ್ದೆವು. ಆಮೇಲೆ ಒಂದು ವಾರ ಒಗ್ಗರಣೆಗೆ ಆ ಕರಿಬೇವನ್ನು ಕೀಳಲು ಅವಳು ಬಿಡಲಿಲ್ಲ.

ಅವಳು ಪೂರ್ತಿ ನನ್ನ ಕಡೆ ಸೇರಿದ್ದು ಕಳೆದ ಗೋಕುಲಾಷ್ಟಮಿಗೆ. ಬಾಗಿಲಿನಿಂದ ದೇವರ ಮನೆಯವರೆಗೆ ಅಕ್ಕಿಹಿಟ್ಟಿನ ಹೆಜ್ಜೆ ಮೂಡಿಸುವುದು ನನ್ನ ಕೆಲಸ. ಮುಷ್ಟಿ ಕಟ್ಟಿ, ಕಿರುಬೆರಳಿನ ಅಂಚನ್ನು ಹಿಟ್ಟಿನ ನೀರಿಗೆ ಅದ್ದಿ ಒತ್ತಿದರೆ ಪಾದ. ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ. ಬಲಗೈ ಒತ್ತಿದರೆ ಬಲಗಾಲು, ಎಡಗೈ ಒತ್ತಿದರೆ ಎಡಗಾಲು. ಆ ಸಲ ಮಂಡಿ ಬಗ್ಗಲಿಲ್ಲ. ‘ನಾನು ಮಾಡ್ತೀನಿ ಬಿಡಿ’ ಎಂದು ಬಟ್ಟಲು ಕಸಿದುಕೊಂಡಳು. ಎಲ್ಲವನ್ನೂ ಬಲಗೈಯಲ್ಲೇ ಒತ್ತಿದಳು. ಕೃಷ್ಣ ನಮ್ಮ ಮನೆಗೆ ಕುಂಟೆಬಿಲ್ಲೆ ಆಡುತ್ತ ಬಂದ.

ಜೆ.ಪಿ. ನಗರದಿಂದ ನನ್ನ ಮಗನ ಮಗ ಬಂದಿದ್ದ, ನಾಲ್ಕು ವರ್ಷದವನು. ಬಾಗಿಲಲ್ಲೇ ಕುಕ್ಕುರುಗಾಲಲ್ಲಿ ಕೂತು ಹೆಜ್ಜೆಗಳನ್ನು ಒಂದೊಂದಾಗಿ ನೋಡಿದ. ದೇವರ ಮನೆವರೆಗೆ ಹೋದ, ವಾಪಸು ಬಂದ. ‘ಒಳಗೆ ಬಂದಿದ್ದು ಇದೆ. ಹೊರಗೆ ಹೋಗಿದ್ದು ಎಲ್ಲಿ?’

ಇಷ್ಟು ವರ್ಷ ಖಾತೆ ನಡೆಸಿದ ನನಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬರುವ ಹೆಜ್ಜೆ ಬರೆಯುತ್ತೇವೆ, ಹೋಗುವ ಹೆಜ್ಜೆ ಬರೆಯುವುದಿಲ್ಲ, ಅಷ್ಟೇ. ನಾನು ಬಾಯಿ ತೆಗೆಯುವುದರೊಳಗೆ ಪುಟ್ಟಿ ಅವನ ಪಕ್ಕ ಕೂತು, ‘ಹೋಗಿದ್ದರೆ ತಾನೆ? ಇನ್ನೂ ಮನೆಯೊಳಗೇ ಇದ್ದಾನೆ’ ಎಂದಳು.

‘ಎಲ್ಲಿ?’

‘ಹಗಲು ಹೊತ್ತು ಕಾಣಿಸಲ್ಲ.’

‘ಒಂದೇ ಕಾಲು ಯಾಕೆ?’

‘ಇನ್ನೊಂದು ಕಾಲಿಗೆ ಬೆಣ್ಣೆ ಮೆತ್ತಿತ್ತು. ನೆಲ ಗಲೀಜಾದರೆ ಅಜ್ಜಿ ಬೈತಾರೆ ಅಂತ ಎತ್ತಿಕೊಂಡು ಬಂದ.’

ಹುಡುಗ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿ, ‘ಸುಳ್ಳು’ ಎಂದ.

ಪುಟ್ಟಿ ಎದ್ದು ಅಡುಗೆಮನೆಗೆ ಬಂದಳು. ‘ಅಜ್ಜಿ, ಅಟ್ಟದ ಮೇಲಿರೋ ಚಕ್ಕುಲಿ ಡಬ್ಬಿ ಇಳಿಸಿಕೊಡಿ. ಅವನಿಗೆ ಸಾಕ್ಷಿ ಬೇಕಂತೆ’ ಎಂದು ಪಿಸುಗುಟ್ಟಿದಳು. ನೈವೇದ್ಯಕ್ಕೆ ಮೊದಲು ಮುಟ್ಟಬಾರದು ಎಂದೆ. ‘ಕೃಷ್ಣ ತಾನೆ ತಿನ್ನೋದು’ ಎಂದಳು. ಡಬ್ಬಿ ಇಳಿಸಿದೆ. ನಾಲ್ಕು ಚಕ್ಕುಲಿ ತೆಗೆದು, ಎರಡನ್ನು ಅರ್ಧರ್ಧ ಕಚ್ಚಿ ದೇವರ ಮನೆಯ ಹೊಸ್ತಿಲಲ್ಲಿ ಪುಡಿ ಉದುರಿಸಿಟ್ಟಳು. ಉಳಿದೆರಡನ್ನು ಫ್ರಾಕಿನ ಜೇಬಿಗೆ ಹಾಕಿಕೊಂಡು ಹೊರಟಳು. ಅದ್ಯಾತಕ್ಕೆ ಎಂದು ಕೇಳಿದೆ.

‘ನನ್ನ ಕೂಲಿ’ ಎಂದಳು.